ಬಾಗುವ ಪೈಪು, ಬಾಗದ ಪೈಪು

ಭದ್ರಾವತಿಯವರ ಎದುರಿನಲ್ಲಿ ಕಬ್ಬಿಣದ ಬಗೆಗೆ ಹಗುರಾಗಿ ಮಾತನಾಡುವುದು ಕ್ಷೇಮವಲ್ಲ. ಒಂದು ಕಾಲಕ್ಕೆ ಬೆಂಕಿಪುರವೆನಿಸಿಕೊಂಡಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು—ಈ ಮೂರೂ ಒಂದೆಡೆ ಕೂಡಿ ಅಲ್ಲಿ ಬೀಡುಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷಸ್ಥಾನದಲ್ಲಿ ಕುಳಿತು ಅದನ್ನು ಎತ್ತಿ ನಿಲ್ಲಿಸಿದ ಕಥೆಯನ್ನು ಊರಿನ ಹಿರಿಯರು ಇಂದಿಗೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಮುಂದೆ ಕಾರ್ಖಾನೆಗೆ ಅವರ ಹೆಸರೇ ಬಂದಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದೊಡನೆ ವಿಲೀನವಾಯಿತು. ಹೆಸರು ಬದಲಾದರೇನು? ಅಲ್ಲಿ ದುಡಿದವರ ಮನೆಗಳಲ್ಲಿ ಕಬ್ಬಿಣವೆಂದರೆ ಬರಿಯ ಲೋಹವಲ್ಲ, ಕುಲದ ಹೆಸರಿದ್ದಂತೆ.

ಅಂಥ ಮನೆಯೊಂದರ ಯಜಮಾನರು ಶಿವಮೊಗ್ಗೆಯಲ್ಲಿ ನೆಲಸಿದ್ದಾರೆ. ಬೀದಿಯ ಜನಕ್ಕೆಲ್ಲ ಅವರು ಮೇಸ್ತ್ರಿಗಳು. ಅವರ ತಂದೆ ಕಾರ್ಖಾನೆಯ ಎರಕದ ಮನೆಯಲ್ಲಿ ನೀರಿನ ಪೈಪುಗಳನ್ನು ಎರೆಯುತ್ತಿದ್ದವರು. ಮೇಸ್ತ್ರಿಗಳು ಅದೇ ಕಾರ್ಖಾನೆಯಲ್ಲಿ ನೀರಿನ ಮತ್ತು ಉಗಿಯ ಪೈಪುಗಳನ್ನು ಜೋಡಿಸುವ ಫಿಟ್ಟರರಾಗಿ ಮೂವತ್ತು ವರ್ಷಕ್ಕೂ ಮೀರಿ ದುಡಿದು ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಕಟ್ಟಿದ ಮನೆಯ ಗೋಡೆಯೊಳಗೆ ಅವರು ಪ್ಲಾಸ್ಟಿಕ್ಕಿನ ಒಂದು ಗೇಣು ಪೈಪನ್ನೂ ಸೇರಿಸಗೊಡಲಿಲ್ಲ. ಸತುವಿನ ಲೇಪದ ಕಬ್ಬಿಣದ ಪೈಪನ್ನು ಕೈಯಾರೆ ಕತ್ತರಿಸಿ, ಥ್ರೆಡ್ಡು ಹಾಕಿ, ಸೆಣಬಿನ ನೂಲು ಸುತ್ತಿ, ಸಫೇದಾ ಬಳಿದು, ಎಲ್ಬೋ, ಟೀ, ಯೂನಿಯನ್ನುಗಳನ್ನು ತಿರುಗಿಸಿ ಕೂರಿಸಿದರು. ಒಂದು ಜೋಡಣೆಯೂ ಇದುವರೆಗೆ ಬೆವರಿಲ್ಲ. "ಪೈಪು ಅಂದ್ರೆ ಬೆನ್ನುಮೂಳೆ ಇದ್ದ ಹಾಗೆ. ಬಗ್ಗೋದನ್ನ ಪೈಪು ಅನ್ನೋದಿಲ್ಲ, ಹಗ್ಗ ಅಂತಾರೆ" ಎಂಬುದು ಅವರ ಮಾತು.

ಈ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟಕ್ಕೆ 1664ರಲ್ಲಿ ಹೂಳಿದ ಎರಕದ ಕಬ್ಬಿಣದ ಪೈಪುಗಳು ಮುನ್ನೂರು ವರ್ಷಗಳಿಗೂ ಮಿಕ್ಕಿ ನೀರು ಹರಿಸಿದವೆಂದರೆ ಕಬ್ಬಿಣದ ತಾಳ್ಮೆಯನ್ನು ಊಹಿಸಿಕೊಳ್ಳಬಹುದು. ರಾಜರು ಹೋದರು, ಕ್ರಾಂತಿಯಾಯಿತು, ಪೈಪು ಉಳಿಯಿತು.

ಆದರೆ ಇಲ್ಲಿ ಹೇಳಹೊರಟಿರುವುದು ಅರಮನೆಯ ಸಂಗತಿಯಲ್ಲ. ಮೇಸ್ತ್ರಿಗಳ ಪತ್ನಿಯ ತವರಿನ ಹಾದಿಯ ಸಂಗತಿ. ಆಕೆಯ ತವರು ತೀರ್ಥಹಳ್ಳಿಯ ಆಚೆ, ಕಾಡಿನ ಮಗ್ಗುಲಲ್ಲಿರುವ ಒಂದು ಸಣ್ಣ ಊರು. ನಾಲ್ಕು ವರ್ಷಗಳಿಂದ ಆಕೆ ಅಲ್ಲಿಗೆ ಹೋಗಿರಲಿಲ್ಲ. ತಮ್ಮನ ಮಗಳ ಮದುವೆಯೂ ಆಕೆಯಿಲ್ಲದೆಯೇ ನಡೆದುಹೋಯಿತು. ಕಾರಣವನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅರ್ಧ ಗಂಟೆಗೊಮ್ಮೆ, ಕೆಲವು ದಿನ ಅದಕ್ಕೂ ಮೊದಲೇ, ಬಚ್ಚಲಿಗೆ ಹೋಗಲೇಬೇಕಾದ ಕಾಯಿಲೆ ಆಕೆಯನ್ನು ಹಿಡಿದಿತ್ತು. ಗಂಡಸರಿಗೆ ಮಲೆನಾಡಿನ ರಸ್ತೆಯೆಂದರೆ ಎಲ್ಲ ಮರವೂ ಅನುಕೂಲವೇ. ಅರವತ್ತು ದಾಟಿದ ಹೆಂಗಸೊಬ್ಬಳು ಬಸ್ಸು ನಿಲ್ಲಿಸಿರೆಂದು ಎಷ್ಟು ಸಲ ಕೇಳಿಯಾಳು? ನೆಂಟರು ಕರೆದಾಗಲೆಲ್ಲ ಮೊಣಕಾಲು ನೋವೆಂದು ನೆಪ ಹೇಳಿ ಆಕೆ ಮನೆಯಲ್ಲಿಯೇ ಉಳಿಯುತ್ತಿದ್ದಳು. ನಿಜ ಗೊತ್ತಿದ್ದವರು ಇಬ್ಬರೇ, ಗಂಡ ಮತ್ತು ಮಗ.

ಮಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಾಹನಗಳಿಗೆ ಮೈ ಕಟ್ಟುವ ಕೆಲಸದವನು. ಬಸ್ಸಿನ ಆಸನ, ಕಿಟಕಿ, ತಗಡು, ಬಣ್ಣ ಎಲ್ಲವೂ ಅವನ ಕೈಗೆ ಬಂದ ವಿದ್ಯೆ. ಮಾರಾಟಕ್ಕೆ ಬಂದಿದ್ದ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಅವನು ಸಾಲ ಮಾಡಿ ಕೊಂಡನು. ಪರದೇಶಗಳಲ್ಲಿ ಜನ ಅಡಿಗೆಮನೆ, ಮಂಚ, ಶೌಚಾಲಯಗಳಿರುವ ವಾಹನಗಳಲ್ಲಿ ಊರೂರು ತಿರುಗುತ್ತಾರೆ. ನಮ್ಮ ದೇಶದಲ್ಲಿಯೂ ಈಚೆಗೆ ಅಂಥವು ಬಾಡಿಗೆಗೆ ದೊರೆಯುತ್ತವೆ. ಅಂಥದೊಂದನ್ನು ತಾನೂ ಮಾಡಿ ಬಾಡಿಗೆಗೆ ಬಿಡುವೆನೆಂದು ಮಗ ಹೊರಗೆ ಹೇಳಿಕೊಂಡನು. ಮೊದಲ ಪ್ರಯಾಣ ಯಾರದು, ಎಲ್ಲಿಗೆ ಎಂಬುದು ಮಾತ್ರ ಅವನ ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು. ವಾಹನದ ರೂಪ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಬೇಕಷ್ಟೆ. ಆ ಓಡಾಟದ ಕಥೆ ಇಲ್ಲಿ ಬೇಡ, ಅದನ್ನು ಬರೆದರೆ ಧಾರಾವಾಹಿಯಾದೀತು.

ಮಂಚದ ಕೆಳಗೆ ನೂರು ಲೀಟರಿನ ತೊಟ್ಟಿ, ಪಕ್ಕದಲ್ಲಿ ಬ್ಯಾಟರಿಯಿಂದ ಓಡುವ ಹನ್ನೆರಡು ವೋಲ್ಟಿನ ಸಣ್ಣ ಪಂಪು, ಹಿಂಬದಿಯಲ್ಲಿ ಶೌಚಾಲಯ, ಮುಂದೆ ಕೈ ತೊಳೆಯುವ ಬೋಗುಣಿ, ಮಲಿನವಾದ ನೀರಿಗೆ ಬೇರೆ ತೊಟ್ಟಿ—ಇಷ್ಟೂ ಸಿದ್ಧವಾಯಿತು. ತೊಟ್ಟಿಯಿಂದ ನಲ್ಲಿಗೆ ನೀರು ಒಯ್ಯುವ ಪೈಪು ಯಾವುದೆಂಬಲ್ಲಿ ತಂದೆಮಕ್ಕಳಿಗೆ ಕದನ ಹತ್ತಿತು.

ಮಗನಿಗೆ ಬಾಗುವ ಪೈಪು ಬೇಕಾಗಿತ್ತು. "ಗಾಡಿ ಕುಣಿತದೆ ಅಪ್ಪಯ್ಯ, ಪೈಪೂ ಅದರ ಜೊತೆಗೆ ಕುಣೀಬೇಕು" ಎಂದನು. "ಕುಣಿಯೋ ಪೈಪಿನಲ್ಲಿ ನಿನ್ನ ಅಮ್ಮನಿಗೆ ನೀರು ಕೊಡ್ತೀಯಾ? ದಾರೀಲಿ ಕೈಕೊಟ್ರೆ ಅವಳ ಮುಖ ನೋಡೋಕಾಗುತ್ತಾ?" ಎಂದರು ತಂದೆ. ಮಗ ಸುಮ್ಮನಾದನು. ವಾದದಲ್ಲಿ ಅಮ್ಮನನ್ನು ಎಳೆದು ತಂದವರದೇ ಯಾವಾಗಲೂ ಗೆಲವು.

ಮೇಸ್ತ್ರಿಗಳು ನಾಲ್ಕು ದಿನ ಕಾಂಪ್ಲೆಕ್ಸಿನ ಶೆಡ್ಡಿನಲ್ಲಿ ಕುಳಿತು ಅರ್ಧ ಅಂಗುಲದ ಕಬ್ಬಿಣದ ಪೈಪಿನಿಂದ ಇಡೀ ಜೋಡಣೆಯನ್ನು ಮುಗಿಸಿದರು. ಅದೊಂದು ನೋಡತಕ್ಕ ಕೆಲಸವೇ ಆಗಿತ್ತು. ಗುಂಡು ಹಾಕಿ ಇಳಿಸಿದಂತಹ ನೇರ ಗೆರೆಗಳು, ಮೂಲೆಮೂಲೆಗೂ ಎಲ್ಬೋ, ಕಿಟಕಿಯ ಕೆಳಗೆ ಬಿಗಿಯಾದ ಪಟ್ಟಿಗಳು. ಶೆಡ್ಡಿನ ಹುಡುಗರು ಸುತ್ತ ನಿಂತು ನೋಡಿದರು. ಮೀಟರಿಗೆ ಒಂದೂಕಾಲು ಕಿಲೋದಷ್ಟು ತೂಗುವ ಆ ಪೈಪು ಗಾಡಿಗೆ ಹೊರೆಯಾಯಿತೆಂದು ಮಗ ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಪಂಪಿನಿಂದ ಪೈಪಿಗೆ ಒತ್ತಡ ತುಂಬಿ, ಮಾಪಕದ ಮುಳ್ಳಿನ ಮುಂದೆ ಮೇಸ್ತ್ರಿಗಳು ಮೂರು ಗಂಟೆ ಕುಳಿತರು. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ.

ತಾಯಿಯನ್ನು ಕೂರಿಸುವ ಮೊದಲು ಒಮ್ಮೆ ಓಡಿಸಿ ನೋಡೋಣವೆಂದು ತಂದೆಮಕ್ಕಳಿಬ್ಬರೇ ತೀರ್ಥಹಳ್ಳಿಯ ದಾರಿ ಹಿಡಿದರು. ಗಾಜನೂರು ಕಳೆಯಿತು, ಸಕ್ರೆಬೈಲಿನ ಆನೆಗಳ ಬಿಡಾರ ಕಳೆಯಿತು. ಮೂವತ್ತು ಕಿಲೋಮೀಟರಿನಾಚೆಯ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗದ್ದಲವೆಬ್ಬಿಸುವ ತಾಣದ ಬಳಿ, ಚಹಾ ಕುಡಿಯಲೆಂದು ನಿಲ್ಲಿಸಿದರು. ಎಂಜಿನ್ನು ನಿಂತರೂ ಒಳಗೆ ಪಂಪು ಮಾತ್ರ ತಾನಾಗಿ ಗುರ್ರೆನ್ನುತ್ತಿತ್ತು. ಈ ಬಗೆಯ ಪಂಪಿನ ಗುಣವೇ ಅದು: ನಲ್ಲಿ ತೆರೆದೊಡನೆ ಒತ್ತಡ ಇಳಿದು ಪಂಪು ಓಡುತ್ತದೆ, ಮುಚ್ಚಿದರೆ ಒತ್ತಡ ಏರಿ ನಿಲ್ಲುತ್ತದೆ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪಂಪು ಓಡಿತೆಂದರೆ ನೀರು ಎಲ್ಲಿಯೋ ದಾರಿ ಮಾಡಿಕೊಂಡಿದೆಯೆಂದೇ ಅರ್ಥ. ಬಾಗಿಲು ತೆರೆದರೆ ಮಂಚದ ಕೆಳಗಿನ ಹಲಗೆಯೆಲ್ಲ ನೀರಾಗಿತ್ತು.

ಮೇಸ್ತ್ರಿಗಳು ಮೊಣಕಾಲೂರಿ, ಟಾರ್ಚು ಹಿಡಿದು, ಬೆರಳಿನಿಂದ ಒಂದೊಂದೇ ಜೋಡಣೆಯನ್ನು ತಡವಿದರು. ಸೆಣಬು ಬಿಟ್ಟಿರಲಿಲ್ಲ, ಸಫೇದಾ ಬಿಟ್ಟಿರಲಿಲ್ಲ. ಹಿಂದಿನ ಚಕ್ರದ ಮೇಲಣ ಎಲ್ಬೋವಿನ ಬಾಯಲ್ಲಿ, ಥ್ರೆಡ್ಡಿನ ಕೊನೆಯ ಸುತ್ತಿನಲ್ಲಿ, ಪೈಪೇ ಕೂದಲಿನಂತೆ ಸೀಳಿತ್ತು. ಬೇರೆ ಯಾರಾದರೂ ಆಗಿದ್ದರೆ ಪೈಪಿನ ಅಂಗಡಿಯವನನ್ನು ಬಯ್ಯುತ್ತಿದ್ದರು. ಅವರು ಬಯ್ಯಲಿಲ್ಲ. ಪೈಪಿನ ಗೋಡೆಯ ದಪ್ಪ ಎರಡೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ಥ್ರೆಡ್ಡು ಕಡಿದಾಗ ಅದರಲ್ಲಿ ಒಂದು ಮಿಲಿಮೀಟರಿಗೂ ಮಿಕ್ಕಿ ಕತ್ತರಿಸಿಹೋಗುತ್ತದೆ. ಸತುವಿನ ಲೇಪವೂ ಅಲ್ಲಿಯೇ ಹೋಗುತ್ತದೆ. ಗೋಡೆಯೊಳಗೆ ಮಲಗಿರುವ ಪೈಪಿಗೆ ಅದರಿಂದ ಬಾಧಕವಿಲ್ಲ. ಗುಂಡಿಗೆ ಬಿದ್ದು ಏಳುವ ಗಾಡಿಯ ಮೈಯಾದರೋ ಕ್ಷಣಕ್ಷಣಕ್ಕೂ ತುಸು ತಿರುಚಿಕೊಳ್ಳುತ್ತದೆ. ಆ ತಿರುಚೆಲ್ಲವೂ ತೆಳುವಾದ ಆ ಒಂದು ಸುತ್ತಿಗೆ ಹೋಗಿ ಸೇರುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಅವರಿಗೆ ಇದು ತಿಳಿಯದ್ದಲ್ಲ. ತಿಳಿದದ್ದು ತಮ್ಮ ಕೆಲಸದಲ್ಲಿಯೇ ಎದುರಿಗೆ ಬಂದು ನಿಂತದ್ದು ಮಾತ್ರ ಹೊಸದು. ಹಿಂದಿರುಗುವ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ಮಗನೂ ಜಾಣ, ಗೆದ್ದೆನೆಂದು ಬೀಗಲಿಲ್ಲ.

ಮುಂದಿನ ವಾರ ಮಗನ ಸರದಿ. ಕಬ್ಬಿಣವನ್ನೆಲ್ಲ ಬಿಚ್ಚಿ ಅವನು ಪಾರದರ್ಶಕವಾದ ಮೆತ್ತನೆಯ ಪ್ಲಾಸ್ಟಿಕ್ ಪೈಪನ್ನು ಎಳೆದನು. ಎರಡೇ ಗಂಟೆಯ ಕೆಲಸ. ತುದಿಗಳಿಗೆ ಕ್ಲಿಪ್ಪು ಬಿಗಿದರೆ ಮುಗಿಯಿತು. ಮೇಸ್ತ್ರಿಗಳು ಶೆಡ್ಡಿನ ಕಡೆ ಸುಳಿಯಲೂ ಇಲ್ಲ. ಗಾಡಿಯನ್ನು ಓಡಿಸಿ ನೋಡಿದ್ದಾಯಿತು, ಸೋರಲಿಲ್ಲ. ಆದರೆ ಶಿವಮೊಗ್ಗೆಯ ಬೇಸಗೆಯಲ್ಲಿ ಮೂರು ದಿನ ಬಿಸಿಲಿಗೆ ನಿಂತ ಗಾಡಿಯ ನೀರನ್ನು ಬಾಯಿಗಿಟ್ಟರೆ ರಬ್ಬರಿನ ಚೆಂಡನ್ನು ಕಚ್ಚಿದಂತಾಯಿತು. ಮಂಚದ ತಿರುವಿನಲ್ಲಿ ಪೈಪು ಮಡಿಸಿಕೊಂಡು ಶೌಚಾಲಯದ ನೀರು ಹನಿಗೆ ಇಳಿಯಿತು. ನಾಲ್ಕನೆಯ ದಿನ ಪಂಪು ಮತ್ತೆ ಗುರ್ರೆಂದಿತು. ಶೆಡ್ಡಿನ ಇಲಿಯೊಂದು ಪೈಪನ್ನು ಕಡಿದು ರುಚಿ ನೋಡಿತ್ತು. "ನಿನ್ನ ಪೈಪು ಇಲಿಗಾದ್ರೂ ಹಿಡಿಸ್ತಲ್ಲ ಮಾರಾಯ" ಎಂದರು ಮೇಸ್ತ್ರಿಗಳು. ಎರಡು ವಾರಗಳಲ್ಲಿ ಅವರಾಡಿದ ಮೊದಲ ತಮಾಷೆಯ ಮಾತು ಅದು.

ಬಾಗುವುದೆಲ್ಲ ಬದುಕುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಅಮೆರಿಕದಲ್ಲಿ ಆಗಿಹೋಗಿದೆ. ಅಲ್ಲಿ 1970ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಪಾಲಿಬ್ಯುಟಿಲೀನ್ ಎಂಬ ಬೂದುಬಣ್ಣದ ಬಾಗುವ ಪೈಪು ಮನೆಮನೆಗೂ, ತಿರುಗುಮನೆಗಳಿಗೂ ಹೊಕ್ಕಿತು. ಅಗ್ಗ, ಹಗುರ, ಜೋಡಿಸಲು ಸುಲಭ. ನೀರನ್ನು ಶುದ್ಧಿಗೊಳಿಸುವ ಕ್ಲೋರಿನ್ನೇ ಅದನ್ನೂ ಅದರ ಪ್ಲಾಸ್ಟಿಕ್ ಜೋಡಣೆಗಳನ್ನೂ ಒಳಗೊಳಗೇ ತಿಂದುಹಾಕಿತು. ಗೋಡೆಗಳು ನೆನೆದವು, ಜನ ನ್ಯಾಯಾಲಯಕ್ಕೆ ಹೋದರು. ತಯಾರಕರು ಕೋಟಿಗಟ್ಟಲೆ ಡಾಲರುಗಳ ಪರಿಹಾರ ತೆರಬೇಕಾಯಿತು. ಅದರ ಬಳಿಕ ಆ ಜಾಗದಲ್ಲಿ ಹೆಚ್ಚಾಗಿ ನೆಲೆಗೊಂಡದ್ದು ಪೆಕ್ಸ್ ಎಂಬ ಪೈಪು. ಇಂಗ್ಲೆಂಡಿನಲ್ಲಿ 1933ರಲ್ಲಿ ಆಕಸ್ಮಿಕವಾಗಿ ಕಂಡುಬಂದ ಪಾಲಿಥೀನಿನ ಉದ್ದನೆಯ ಎಳೆಗಳನ್ನು ಅಡ್ಡಡ್ಡಲಾಗಿಯೂ ಒಂದಕ್ಕೊಂದು ಹೆಣೆದರೆ ಅದು ಬಿಸಿಗೂ ಒತ್ತಡಕ್ಕೂ ತಡೆಯುತ್ತದೆ. ಅಂಥ ಪೈಪನ್ನು 1968ರಲ್ಲಿ ಮಾಡಿ ತೋರಿಸಿದವನು ಜರ್ಮನಿಯ ತೋಮಾಸ್ ಎಂಗೆಲ್. ಚಾಪೆಯ ನೇಯ್ಗೆಯಂತೆ ಎನ್ನೋಣ: ಬಾಗುತ್ತದೆ, ಹರಿಯುವುದಿಲ್ಲ. ಅದಕ್ಕೂ ದೌರ್ಬಲ್ಯಗಳುಂಟು. ಬಿಸಿಲು ಆಗದು, ಇಲಿಯ ಹಲ್ಲಿಗೆ ಅದೂ ಸೋಲುತ್ತದೆ, ಕಾದಾಗ ಕಬ್ಬಿಣದ ಹತ್ತು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ.

ಮಗ ಬೆಂಗಳೂರಿನಿಂದ ಈ ಪೆಕ್ಸ್ ಪೈಪಿನ ಸುರುಳಿಯೊಂದನ್ನು ತರಿಸಿದನು. ಆದರೆ ಎರಡು ಸಲ ಕೆಟ್ಟ ಕೆಲಸಕ್ಕೆ ಮೂರನೆಯ ಸಲ ಕೈಹಾಕಲು ಅವನಿಗೂ ಧೈರ್ಯ ಸಾಲದು. ಸುರುಳಿ ಹಜಾರದ ಮೂಲೆಯಲ್ಲಿ ಬಿದ್ದುಕೊಂಡಿತು. ಸಾಲದ ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬಂದು ಬಾಗಿಲು ತಟ್ಟುತ್ತಿತ್ತು.

ಒಂದು ಸಂಜೆ ಮೇಸ್ತ್ರಿಗಳ ಪತ್ನಿ ಅಕ್ಕಿ ಆರಿಸುತ್ತ ಆ ಸುರುಳಿಯನ್ನು ನೋಡಿ, "ನಮ್ಮ ತವರಲ್ಲೂ ಇದರ ಹಾಗೇ ಕಪ್ಪು ಪೈಪು ಉಂಟಲ್ಲ" ಎಂದಳು. ಆಕೆಯ ಬಾಲ್ಯದಲ್ಲಿ ಗುಡ್ಡದ ಅಬ್ಬಿಯ ನೀರು ಅಡಕೆಯ ದಂಬೆಗಳಲ್ಲಿ ಹರಿದು ಬಚ್ಚಲಿಗೆ ಬರುತ್ತಿತ್ತು. ಸೀಳಿದ ಅಡಕೆಮರದ ತಿರುಳು ತೆಗೆದು, ಒಂದರ ತುದಿಯನ್ನು ಇನ್ನೊಂದರ ಮೇಲಿಟ್ಟು, ಕವೆಗೋಲುಗಳ ಮೇಲೆ ಸಾಗಿಸಿದ ಸಾಲು ಅದು. ದನ ಮೈ ಉಜ್ಜಿದರೂ ಸಾಕು, ಒಂದು ದಂಬೆ ಜಾರಿ ಬಿದ್ದು ಮನೆಗೆ ನೀರಿಲ್ಲ. ಆಮೇಲೆ ಕಪ್ಪು ಪೈಪು ಬಂದಿತು. ಕಲ್ಲು, ಬೇರು, ಹಳ್ಳ ಎಲ್ಲವನ್ನೂ ಬಳಸಿಕೊಂಡು ಹಾವಿನಂತೆ ಮಲಗಿತು.

"ಆದ್ರೆ ಬಚ್ಚಲ ಹತ್ರ ನನ್ನ ಅಪ್ಪಯ್ಯ ಒಂದು ಕಬ್ಬಿಣದ ತುಂಡು ಹುಗಿಸಿದ್ರು, ಗಾರೆ ಹಾಕಿ. ನಲ್ಲಿ ಅದಕ್ಕೇ. ಇಲ್ದಿದ್ರೆ ನಲ್ಲಿ ತಿರುಗಿಸಿದ ಹಾಗೂ ಪೈಪು ತಿರುಗ್ತದೆ, ಎರಡು ದಿನಕ್ಕೆ ಕಿತ್ತು ಬರ್ತದೆ. ಇದರಲ್ಲಿ ಎಂತ ಜಗಳ ನಿಮ್ಮಿಬ್ಬರದ್ದು? ಹಿಡಿಯೋ ಕಡೆ ಗಟ್ಟಿ, ಹೋಗೋ ಕಡೆ ಮೆತ್ತಗೆ." ಇಷ್ಟು ಹೇಳಿ ಆಕೆ ಮೊರವನ್ನೆತ್ತಿಕೊಂಡು ಒಳಗೆ ಹೋದಳು.

ಮೇಸ್ತ್ರಿಗಳು ಆ ರಾತ್ರಿ ಊಟವಾದ ಮೇಲೆಯೂ ಜಗಲಿಯ ಮೇಲೆಯೇ ಕುಳಿತಿದ್ದರು. ಕಾರ್ಖಾನೆಯಲ್ಲಿ ತಾವೇ ಜೋಡಿಸಿದ ಉಗಿಯ ಪೈಪುಗಳು ಅವರ ಕಣ್ಣ ಮುಂದೆ ಬಂದವು. ನೇರವಾಗಿ ಹೋಗಬಹುದಾಗಿದ್ದ ಪೈಪು ನಡುನಡುವೆ ಅಡ್ಡ ತಿರುಗಿ, ಬಾಗಿಲ ಚೌಕಟ್ಟಿನಂತೆ ಸುತ್ತು ಬಳಸಿ ಮತ್ತೆ ತನ್ನ ದಾರಿಗೆ ಬರುತ್ತಿತ್ತು. ಉಗಿಯ ಕಾವಿಗೆ ಕಬ್ಬಿಣ ಹಿಗ್ಗುತ್ತದೆ. ಆ ಬಳಸು ಇಲ್ಲದಿದ್ದರೆ ಅದು ಗೋಡೆಯನ್ನೇ ನೂಕುತ್ತದೆ. ಕಬ್ಬಿಣಕ್ಕೂ ಬಾಗಲು ಎಡೆ ಬಿಟ್ಟು ಜೋಡಿಸಿದವರು ತಾವೇ ಅಲ್ಲವೆ? ಅದಕ್ಕಿಂತ ಹಿಂದಿನದೂ ನೆನಪಾಯಿತು. ತಂದೆ ಎರೆದ ದಪ್ಪ ಪೈಪುಗಳನ್ನು ಬೀದಿಯಲ್ಲಿ ಹೂಳುವುದನ್ನು ಅವರು ಹುಡುಗನಾಗಿದ್ದಾಗ ನೋಡಿದ್ದರು. ಒಂದರ ಬಾಯಲ್ಲಿ ಇನ್ನೊಂದರ ತುದಿಯನ್ನಿಟ್ಟು, ಸಂದಿಗೆ ಸೆಣಬು ತುರುಕಿ, ಅದರ ಮೇಲೆ ಕಾಯಿಸಿದ ಸೀಸವನ್ನು ಹುಯ್ದು ಬಡಿಯುತ್ತಿದ್ದರು. ಎಲ್ಲ ಬಿಟ್ಟು ಸೀಸವೇ ಏಕೆ? ನೆಲ ತುಸು ಕುಸಿದರೆ ಪೈಪು ಬಾಗದು, ಮುರಿದೀತು. ಸಂದಿನ ಸೀಸ ಮೆತ್ತಗೆ, ಅದು ತುಸು ಜರುಗಿ ಪೈಪನ್ನು ಉಳಿಸೀತು. ಬಾಗದ ಎರಡು ಕಬ್ಬಿಣಗಳ ನಡುವೆ ಬಾಗುವುದೊಂದನ್ನು ಇಡದೆ ತಂದೆಯೂ ಬಿಟ್ಟಿರಲಿಲ್ಲ.

ಬೆಳಗಾಗುವ ಮೊದಲೇ ಅವರು ಮಗನನ್ನು ಎಬ್ಬಿಸಿದರು. "ಏಳು. ಸುರುಳಿ ತಗೊಂಡು ಶೆಡ್ಡಿಗೆ ನಡೆ."

ಮೂರನೆಯ ಜೋಡಣೆ ಇಬ್ಬರ ಕೈಯಲ್ಲೂ ಆಯಿತು. ನಲ್ಲಿಗಳು ಕೂರುವ ಕಡೆ, ಕವಾಟಗಳಿರುವ ಕಡೆ, ನೀರು ಕಾಯಿಸುವ ಪೆಟ್ಟಿಗೆಯ ಬಾಯಿಯಿಂದ ಮೊದಲ ಒಂದೂವರೆ ಅಡಿ—ಅಲ್ಲೆಲ್ಲ ಗಟ್ಟಿಯಾದ ಲೋಹದ ತುಂಡುಗಳು. ಅವು ಗಾಡಿಯ ಮೈಗೆ ಪಟ್ಟಿಯಿಂದ ಬಿಗಿದವು. ಅವುಗಳ ನಡುವಿನ ದಾರಿಯೆಲ್ಲ ಪೆಕ್ಸ್. ಪಂಪಿನ ಎರಡು ಬದಿಗೂ ಒಂದೊಂದು ಮೊಳ ಹೆಣಿಗೆಯ ರಬ್ಬರ್ ಪೈಪು. ಅದರಿಂದ ಪಂಪಿನ ನಡುಕ ಮುಂದಿನ ಪೈಪಿಗೆ ದಾಟದು, ರಾತ್ರಿ ಸದ್ದೂ ಕಡಮೆ. ತಿರುವುಗಳನ್ನು ಮೇಸ್ತ್ರಿಗಳು ಅಳೆದೇ ಹಾಕಿದರು: ಪೈಪಿನ ದಪ್ಪದ ಎಂಟರಷ್ಟಾದರೂ ಇರುವ ದೊಡ್ಡ ಬಾಗು, ಅದಕ್ಕಿಂತ ಇಕ್ಕಟ್ಟಾದ ಕಡೆ ಎಲ್ಬೋ. ಪಟ್ಟಿಗಳನ್ನು ಪೈಪು ಜಾರುವಷ್ಟು ಸಡಿಲ ಬಿಟ್ಟರು, ಹಿಗ್ಗಲಿ, ಕುಗ್ಗಲಿ. ಪೈಪು ಹಲಗೆಯನ್ನು ತೂರಿ ಹೋಗುವ ತೂತುಗಳಿಗೆ ರಬ್ಬರಿನ ಬಳೆ, ಇಲಿ ನುಗ್ಗಬಹುದಾದ ಸಂದುಗಳಿಗೆ ತಗಡು. ಹಿಂದಿನ ಚಕ್ರದ ಮೇಲೆ ಮಗ ಪೈಪನ್ನು ನೇರವಾಗಿ ಎಳೆಯಹೋದಾಗ ಅವರು ತಡೆದು, ಬಾಗಿಲ ಚೌಕಟ್ಟಿನಂತೆ ಒಂದು ಬಳಸು ಕೊಟ್ಟರು. "ಇದು ಭದ್ರಾವತಿಯ ಬಳಸು" ಎಂದರಷ್ಟೆ. ಮಗ ಅರ್ಥ ಕೇಳಲಿಲ್ಲ. ಅಲ್ಲಿ ಮಾತ್ರ ಅವರು ಎರಡು ಸಲ ಪಟ್ಟಿ ಬಿಚ್ಚಿ ಕಟ್ಟಿದ್ದನ್ನು ನೋಡಿದನು.

ಈ ಸಲ ತಾಯಿಯನ್ನು ಬಿಟ್ಟು ಓಡಿಸಿ ನೋಡುವ ಮಾತೇ ಬರಲಿಲ್ಲ. ಆಕೆಯೇ ಬಿಡಲಿಲ್ಲ. "ಸೋರಿದ್ರೆ ಒರೆಸಿದ್ರಾಯ್ತು, ನಡೀರಿ" ಎಂದು ಮಡಿಸಿಟ್ಟ ಸೀರೆ, ತಮ್ಮನ ಮಗಳಿಗೆಂದು ನಾಲ್ಕು ವರ್ಷದಿಂದ ಇಟ್ಟಿದ್ದ ಕುಪ್ಪಸದ ಕಣ ಎರಡನ್ನೂ ಚೀಲಕ್ಕೆ ತುಂಬಿದಳು.

ಮಂಡಗದ್ದೆಯಲ್ಲಿ ಗಾಡಿ ನಿಂತಾಗ ಮೇಸ್ತ್ರಿಗಳು ಚಹಾಕ್ಕೆ ಇಳಿಯಲಿಲ್ಲ. ಹಿಂದಿನ ಹಲಗೆಯನ್ನೆತ್ತಿ ಎಲ್ಲ ಕಡೆಯೂ ಒಣ ಕಾಗದ ಒತ್ತಿ ನೋಡಿದರು. ಕಾಗದ ಒಣಗಿಯೇ ಇತ್ತು. ಅಷ್ಟರಲ್ಲಿ ಆಕೆ ಎರಡು ಸಲ ಹಿಂದಿನ ಬಾಗಿಲು ಹಾಕಿಕೊಂಡು ಬಂದಿದ್ದಳು. ಗಾಡಿ ನಿಲ್ಲಿಸೆಂದು ಯಾರನ್ನೂ ಕೇಳಿರಲಿಲ್ಲ. ಕಿಟಕಿಯ ಬಳಿ ಕುಳಿತು ತುಂಗೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡುತ್ತಿದ್ದಳು. ತೀರ್ಥಹಳ್ಳಿ ದಾಟಿ, ರಸ್ತೆ ಕಿರಿದಾಗಿ, ಕೊನೆಗೆ ಮಣ್ಣಿನ ಹಾದಿಯಾದಾಗ ಗಾಡಿ ಆಚೆಗೂ ಈಚೆಗೂ ತೊನೆದು ಪಾತ್ರೆಗಳೆಲ್ಲ ಸದ್ದು ಮಾಡಿದವು. ಮೇಸ್ತ್ರಿಗಳ ಕಿವಿ ಪಾತ್ರೆಗಳ ಕಡೆಗಿರಲಿಲ್ಲ.

ತವರಿನ ಮನೆಯಲ್ಲಿ ಆ ರಾತ್ರಿ ಮಾತು ಮುಗಿಯುವ ವೇಳೆಗೆ ಹೊತ್ತು ಬಹಳವಾಗಿತ್ತು. ಮಲಗುವುದಕ್ಕೆ ಆಕೆ ಗಾಡಿಗೇ ಬಂದಳು. ಕತ್ತಲಲ್ಲಿ ಅಂಗಳ ದಾಟಿ ಹೋಗುವ ಹಳೆಯ ಬಚ್ಚಲು ಆಕೆಗೆ ದೂರ. ಮಗ ಜಗಲಿಯ ಮೇಲೆ ಗೊರಕೆ ಹೊಡೆದನು. ಮೇಸ್ತ್ರಿಗಳು ಗಾಡಿಯ ಮುಂದಿನ ಆಸನದ ಮೇಲೆ ಶಾಲು ಹೊದ್ದು, ಟಾರ್ಚನ್ನು ಕೈಯಲ್ಲಿಯೇ ಹಿಡಿದು ಒರಗಿದರು. ಜೀರುಂಡೆಗಳ ಸದ್ದು, ದೂರದಲ್ಲಿ ಅಬ್ಬಿಯ ಸದ್ದು. ಪಂಪು ಸುಮ್ಮನಿತ್ತು. ಹನ್ನೆರಡಾಯಿತು, ಎರಡಾಯಿತು, ಪಂಪು ಸುಮ್ಮನೇ ಇತ್ತು.

ಮೂರು ಗಂಟೆಯ ಸುಮಾರಿಗೆ ಅದು ಗುರ್ರೆಂದಿತು. ಅವರು ಎದೆ ಹೊಡೆದುಕೊಂಡು ಎದ್ದು ಟಾರ್ಚಿನ ಗುಂಡಿ ಒತ್ತಿದರು. ಒಳಗೆ ಚಿಲಕ ಸರಿದ ಸದ್ದಾಯಿತು. ನಲ್ಲಿ ಮುಚ್ಚಿತು, ಪಂಪು ನಿಂತಿತು.

"ನಾನೇ. ಮಲಗಿ ನೀವು" ಎಂದಳು ಆಕೆ ಕತ್ತಲಲ್ಲಿ.